ನೈಲಾನಿಗೆ ಮೈಲಿಗೆಯಿಲ್ಲ

ಹೊಸದನ್ನು ಕಂಡುಹಿಡಿಯುವವರನ್ನು ಲೋಕ ಹೊಗಳುತ್ತದೆ. ಹೊಗಳಲಿ, ನನ್ನ ತಕರಾರಿಲ್ಲ. ಆದರೆ ಹಾಗೆ ಹೊಗಳುವವರು ಯಾರೂ ಅಂಥವರ ಜೊತೆ ಒಂದೇ ಸೂರಿನಡಿ ಬಾಳಿದವರಲ್ಲ. ಸಂಶೋಧಕನ ಹೆಂಡತಿಯ ಅಭಿಪ್ರಾಯವನ್ನು ಇದುವರೆಗೆ ಯಾವ ಪಠ್ಯಪುಸ್ತಕವೂ ಅಚ್ಚು ಹಾಕಿಲ್ಲ. ನನ್ನ ಹೆಂಡತಿ ಸುಮತಿಯನ್ನು ಕೇಳಿದರೆ, ಗಟ್ಟಿಯಾಗಿದ್ದ ಮೊಳೆಯನ್ನು ಕಿತ್ತು, ಪಕ್ಕದಲ್ಲಿ ಹೊಡೆದು, ಎರಡೂ ಕಡೆ ಗಾರೆ ಉದುರಿಸಿ, "ಈಗ ಹೇಗಿದೆ?" ಎಂದು ಕೇಳುವವನೇ ಸಂಶೋಧಕ. ಇದನ್ನು ಅವಳು ನಮ್ಮ ಮನೆಯ ಗೋಡೆಯನ್ನು ನೋಡುತ್ತಲೇ ಹೇಳುವುದರಿಂದ ವಾದಕ್ಕೆ ಎಡೆಯಿಲ್ಲ.

ನಮ್ಮ ವಂಶಕ್ಕೆ ಹೊಸತು ಆಗಿಬರುವುದಿಲ್ಲ ಎಂಬ ಮಾತು ಮೊದಲಿಂದಲೂ ಇದೆ. ನಾವು ಕುಂದಾಪುರದ ಕಡೆಯ ಅಡಿಗೆಯವರು. ಸೌಟು ಹಿಡಿದವನ ಮಗ ಸೌಟು ಹಿಡಿಯುತ್ತ ಬಂದದ್ದು. ನನ್ನ ಅಜ್ಜ ಒಬ್ಬರು ಮಾತ್ರ ಸ್ವಲ್ಪ ಸಾಹಸಿ. ಊರಿನ ದೊಡ್ಡ ಮನೆಯೊಂದರ ಶ್ರಾದ್ಧದ ಅಡಿಗೆಗೆ ಹೋದವರು, ಬಾಳೆಕಾಯಿ ಸಾಲದೆ ಬಂದಾಗ ಪೇಟೆಯಿಂದ ಯಾರೋ ತಂದಿಟ್ಟಿದ್ದ ಎಲೆಕೋಸನ್ನು ಹೆಚ್ಚಿ ಪಲ್ಯಕ್ಕೆ ಹಾಕಿಬಿಟ್ಟರಂತೆ. ಶ್ರಾದ್ಧದ ಎಲೆಗೆ ಎಲೆಕೋಸು! ಪಿತೃಗಳು ಬಾಗಿಲವರೆಗೆ ಬಂದು, ಎಲೆಯ ಮೇಲೆ ಕೋಸು ಕಂಡು, ಬಂದ ದಾರಿಯಲ್ಲೇ ಹಸಿದು ಹಿಂತಿರುಗಿದರು ಎಂದು ಪುರೋಹಿತರು ಕಣ್ಣಾರೆ ಕಂಡವರಂತೆ ಹೇಳಿದರು. ಅಜ್ಜನಿಗೆ ಆಮೇಲೆ ಆ ಸೀಮೆಯಲ್ಲಿ ಯಾರೂ ಅಡಿಗೆಗೆ ಹೇಳಲಿಲ್ಲ. ನಮ್ಮಪ್ಪ ಮದ್ರಾಸಿಗೆ ಬಂದು ಸೌಕಾರ್‌ಪೇಟೆಯ ಹೋಟೆಲೊಂದರಲ್ಲಿ ಒಲೆಯ ಮುಂದೆ ನಿಂತದ್ದು ಹೀಗೆ. ಒಂದು ಎಲೆಕೋಸು ಒಂದು ಕುಟುಂಬವನ್ನು ಪಡುವಣ ಸಮುದ್ರದಿಂದ ಮೂಡಣ ಸಮುದ್ರಕ್ಕೆ ಎತ್ತಿ ಹಾಕಿತು.

ಅಂಥ ವಂಶದಲ್ಲಿ ನಾನು ಬಿ.ಎಸ್ಸಿ. ಮಾಡಿದೆ. ಭೌತಶಾಸ್ತ್ರ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಬೇಕು. ಹೋಟೆಲಿನ ಮಾಳಿಗೆಯಲ್ಲಿ, ಈರುಳ್ಳಿ ಮೂಟೆಗೆ ಒರಗಿ, ಕಣ್ಣೀರು ಸುರಿಸುತ್ತ ಓದಿದ ಡಿಗ್ರಿ ಅದು. ಕಣ್ಣೀರು ಈರುಳ್ಳಿಯದೋ ಭೌತಶಾಸ್ತ್ರದ್ದೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಓದಿಸಿದವಳು ದುಗ್ಗತ್ತೆ, ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು, ನನ್ನ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಹಪ್ಪಳ ಒತ್ತಿ, ಸಂಡಿಗೆ ಇಟ್ಟು, ಸೌಕಾರ್‌ಪೇಟೆಯ ಅರ್ಧದಷ್ಟು ಮನೆಗಳ ಉಪ್ಪಿನಕಾಯಿ ಭರಣಿ ತುಂಬಿಸಿ ನನ್ನನ್ನು ಕಾಲೇಜಿಗೆ ಕಳಿಸಿದಳು. ಬಾಡಿಗೆ ಗೌನು ತೊಟ್ಟು ತೆಗೆಸಿಕೊಂಡ ನನ್ನ ಫೋಟೋವನ್ನು ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿ ದಿನಾ ಹೂವು ಏರಿಸುತ್ತಿದ್ದಳು. ಬಂದವರೆಲ್ಲ ಫೋಟೋ ನೋಡಿ, ಧ್ವನಿ ತಗ್ಗಿಸಿ, "ಪಾಪ, ಏನಾಗಿತ್ತು?" ಎಂದು ನನ್ನನ್ನೇ ಕೇಳತೊಡಗಿದ ಮೇಲೆ ಸುಮತಿ ಹೂವು ನಿಲ್ಲಿಸಿದಳು.

ಡಿಗ್ರಿ ಹಿಡಿದು ನಾನು ಸೇರಿದ್ದು ಮದ್ರಾಸಿನ ಅಂಚಿನ ಗಿಂಡಿ ಎಂಬಲ್ಲಿ ಸೈಕಲ್ ಬೆಲ್ ತಯಾರಿಸುವ ಸಣ್ಣ ಕಾರ್ಖಾನೆಗೆ. ತಯಾರಾದ ಬೆಲ್ಲುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪರೀಕ್ಷಿಸುವುದು ಎಂದರೆ ಬಾರಿಸುವುದು. ಬೆಳಗಿನಿಂದ ಸಂಜೆವರೆಗೆ ಟ್ರಿಣ್, ಟ್ರಿಣ್, ಪಕ್ಕಕ್ಕಿಡು. ನನ್ನ ಮಾವ ಊರಿನಲ್ಲಿ ದೇವಸ್ಥಾನದ ಅರ್ಚಕರು. ಒಮ್ಮೆ ಬಂದವರು ವಿಚಾರಿಸಿ, "ಘಂಟೆ ಬಾರಿಸಲಿಕ್ಕೆ ಇಲ್ಲಿ ಡಿಗ್ರಿ ಕೇಳ್ತಾರಾ? ನಮ್ಮಲ್ಲಿ ಜನಿವಾರ ಇದ್ದರೆ ಸಾಕು" ಎಂದರು. ಮಗಳನ್ನು ಕೊಟ್ಟವರು, ಇನ್ನೊಂದು ಲೋಟ ಕಾಫಿ ಕೊಟ್ಟೆ.

ನನ್ನ ತಲೆ ಕೆಡಿಸಿದವರು ಕಾರ್ಖಾನೆಯ ಮ್ಯಾನೇಜರು. ಒಂದು ಆಯುಧಪೂಜೆಯ ದಿನ, ಲೇತ್ ಯಂತ್ರಕ್ಕೆ ಕುಂಬಳಕಾಯಿ ಒಡೆದ ಮೇಲೆ, ಅವರು ನಮ್ಮನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದರು. ಮಾಡಿದ್ದನ್ನೇ ಮಾಡುವವನು ಗಾಣದ ಎತ್ತು. ನೀವು ಇನ್ನೊವೇಟರ್‌ಗಳಾಗಬೇಕು. ಸುತ್ತ ನೋಡಿ, ಜನ ಎಲ್ಲಿ ಕಷ್ಟಪಡುತ್ತಿದ್ದಾರೆ ಹುಡುಕಿ, ಅಲ್ಲಿ ನಿಮ್ಮ ಬುದ್ಧಿ ಹಚ್ಚಿ. ಉಳಿದವರು ಕಡಲೆ, ಪುರಿ ತಿನ್ನುತ್ತ ಕೇಳಿದರು. ನಾನು ಡಿಗ್ರಿ ಆದವನು, ನಂಬಿಕೊಂಡು ಕೇಳಿದೆ.

ಮೊದಲು ಬೆಲ್ಲಿನ ಮೇಲೆಯೇ ಬುದ್ಧಿ ಹಚ್ಚಿದೆ. ಸವಾರ ಹೆಬ್ಬೆರಳು ಸವೆಸುವುದೇಕೆ? ಚಕ್ರ ತಿರುಗಿದರೆ ತಾನೇ ಬಡಿದುಕೊಳ್ಳುವ ಬೆಲ್ ಮಾಡಿದೆ. ನಮ್ಮ ಫಿಟ್ಟರು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಸೈದಾಪೇಟೆಯ ಕಡೆ ಹೊರಟ. ತಾನಾಗಿ ಬಾರಿಸಿತು, ಸಂದೇಹವೇ ಇಲ್ಲ. ನಿಲ್ಲಿಸುವ ಉಪಾಯವನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಬೆಂಕಿ ಆರಿಸುವ ಗಾಡಿ ಬಂತೆಂದು ಬಸ್ಸುಗಳೆಲ್ಲ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟವಂತೆ. ಜನ ಹಿಂದೆ ಓಡಿಬಂದು, "ಎಲ್ಲಿ ಬೆಂಕಿ, ಎಲ್ಲಿ ಬೆಂಕಿ?" ಎಂದರೆ ಅವನು ಏನು ಹೇಳಬೇಕು? ನಾಚಿಕೆಯಾಗಿ, ಒಂದು ಕಡೆ ಕೈ ತೋರಿಸಿ ಮುಂದೆ ಹೋದನಂತೆ. ಮ್ಯಾನೇಜರು ನನ್ನನ್ನು ಕರೆದು, "ಇನ್ನೊವೇಶನ್ ಮನೆಯಿಂದ ಶುರುವಾಗಲಿ" ಎಂದರು. ಕಾರ್ಖಾನೆಯನ್ನು ಉಳಿಸಿಕೊಳ್ಳಲು ಅಂದ ಮಾತು ಎಂದು ಆಗ ಹೊಳೆಯಲಿಲ್ಲ.

ಮನೆಯಲ್ಲಿ ಕಷ್ಟ ಸಿದ್ಧವಾಗಿಯೇ ಇತ್ತು. ನಾವಿರುವುದು ಮದ್ರಾಸಿನವರು 'ಸ್ಟೋರ್' ಎನ್ನುವ ಬಗೆಯ ಮನೆಯಲ್ಲಿ: ನಡುವೆ ಅಂಗಳ, ಬಾವಿ, ಸುತ್ತ ಸಾಲಾಗಿ ಬಾಡಿಗೆ ಸಂಸಾರಗಳು. ನಮ್ಮ ಪಾಲಿಗೆ ಒಂದು ನಡುಮನೆ, ಅದರ ಒಂದು ತುದಿಗೆ ಅಡಿಗೆಮನೆ, ಇನ್ನೊಂದು ತುದಿಗೆ ಬಚ್ಚಲು. ನಡುಮನೆಯಲ್ಲಿ ತೊಲೆಗೆ ತಾಗುವಷ್ಟು ಎತ್ತರದಲ್ಲಿ ಒಂದು ಬಿದಿರಿನ ಗಳ. ದುಗ್ಗತ್ತೆಯ ಮಡಿ ಸೀರೆ ಒಣಗುವುದು ಅದರ ಮೇಲೆ. ಮಡಿಯ ಸಂಗತಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ; ಗೊತ್ತಿಲ್ಲದ ಹೊಸ ಕಾಲದವರಿಗೆ ಇಷ್ಟು ಸಾಕು: ಸ್ನಾನ ಮಾಡಿ, ಒಗೆದ ಸೀರೆಯನ್ನು ಉದ್ದ ಕೋಲಿನಿಂದ ಮೇಲಕ್ಕೆ ಹರವಬೇಕು, ಮರುದಿನ ಸ್ನಾನ ಮಾಡಿ ಕೋಲಿನಿಂದಲೇ ಇಳಿಸಿ ಉಡಬೇಕು, ನಡುವೆ ಮೈಲಿಗೆಯವರು ಯಾರೂ ಮುಟ್ಟಬಾರದು. ಮೈಲಿಗೆಯವರು ಎಂದರೆ ಸ್ನಾನವಾಗದ ನಾವೆಲ್ಲ. ಮುಟ್ಟಿದರೆ ಅದನ್ನುಟ್ಟು ಅಡಿಗೆ ಮಾಡುವ ಹಾಗಿಲ್ಲ. ಬೇರೆಯವರು ಮಾಡಿದ್ದನ್ನು ಅತ್ತೆ ಉಣ್ಣುವುದಿಲ್ಲ. ಗಳವನ್ನು ತಗ್ಗಿಸೋಣವೆಂದರೆ ಅದರಡಿಯಲ್ಲೇ ನಮ್ಮ ಸಂಸಾರವೆಲ್ಲ ಓಡಾಡುವುದು.

ಆ ವರ್ಷ ಅತ್ತೆಯ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯವರೆಗೆ ಏರುತ್ತದೆ, ಅಲ್ಲಿಂದ ಮೇಲೆ ಇಲ್ಲ. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು. ಅತ್ತೆ ಕೆಲವು ದಿನ ಎಡಗೈಯಲ್ಲಿ ಕೋಲು ಹಿಡಿದು ಸೀರೆ ಎಸೆದು ನೋಡಿದಳು. ಸೀರೆ ಗಳದ ಮೇಲೆ ಬೀಳುವ ಬದಲು ನನ್ನ ಗೌನಿನ ಫೋಟೋದ ಮೇಲೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಕೋಲನ್ನು ಮೂಲೆಗೆ ಒರಗಿಸಿ, ಅಟ್ಟದಿಂದ ತನ್ನ ತಗಡಿನ ಟ್ರಂಕನ್ನು ಇಳಿಸಿ ಕೊಡಲು ಹೇಳಿದಳು.

"ನಾ ಊರಿಗೆ ಹೋತೆ ಮಾಣಿ. ಮಂಗಳೂರು ರೈಲಿಗೆ ಹತ್ತಿಸಿಬಿಡು."

"ಊರಲ್ಲಿ ಯಾರಿದ್ದಾರೆ ಅತ್ತೆ?"

"ಮೈದುನನ ಮನೆ ಇತ್ತಲೆ. ಅಲ್ಲಿ ಮಾಡು ತಗ್ಗು."

ಮಾಡು ತಗ್ಗು! ಎಂದೋ ಬಿಟ್ಟುಬಂದ ಮೈದುನನ ಮನೆಗೆ, ಮಾತಾಡಿಸುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲದ ಕಡೆಗೆ, ಸೂರು ತಗ್ಗು ಎಂಬ ಒಂದೇ ಕಾರಣಕ್ಕೆ ಹೊರಟು ನಿಂತಿದ್ದಾಳೆ. ಸುಮತಿ ಅತ್ತಳು. ತೆವಳುವ ನಮ್ಮ ಕೂಸು ಟ್ರಂಕಿನ ಮೇಲೆ ಹತ್ತಿ ಕೂತಿತು. ನಾನು ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ಆದರೆ ನಿಜ ಹೇಳುತ್ತೇನೆ, ಬಗ್ಗಿದ್ದಲ್ಲೇ ತಲೆಯೊಳಗೆ ಒಂದು ರಾಟೆ ಗಿರ್ರನೆ ತಿರುಗತೊಡಗಿತು. ಜನ ಎಲ್ಲಿ ಕಷ್ಟಪಡುತ್ತಿದ್ದಾರೆ? ಇಲ್ಲಿಯೇ!

"ಅತ್ತೆ, ಸ್ವಲ್ಪ ತಾಳು. ನಿನ್ನ ಕೈ ಏರದಿದ್ದರೆ ಬೇಡ. ಗಳವನ್ನೇ ಇಳಿಸುತ್ತೇನೆ. ಹಗ್ಗ ಬಿಟ್ಟರೆ ಗಳ ಕೆಳಗೆ, ಎಳೆದರೆ ಮೇಲೆ. ಯಾರೂ ಮುಟ್ಟುವುದು ಬೇಡ."

ಅತ್ತೆ ಯೋಚಿಸಿದಳು. "ಬಪ್ಪ ಏಕಾದಶಿವರೆಗೆ ಇರ್ತೆ. ದ್ವಾದಶಿ ಪಾರಣೆ ಆದ ಮೇಲೆ, ನಿನ್ನ ಯಂತ್ರ ನಡೆದ್ರೆ ಇಲ್ಲಿ, ಇಲ್ಲದಿದ್ರೆ ರೈಲು" ಎಂದಳು. ಟ್ರಂಕು ಬಾಗಿಲ ಬಳಿಯೇ ಉಳಿಯಿತು.

ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರಗಳನ್ನು ತಿರುಗಿಸುವ ಪಟ್ಟೆಗಳು ಎಷ್ಟು ಗಟ್ಟಿ ಎಂಬುದನ್ನು ದಿನಾ ನೋಡುತ್ತಿದ್ದವನು, ಹಗ್ಗಕ್ಕಿಂತ ಅದೇ ವಾಸಿ ಎಂದು ಕ್ರೋಂಪೇಟೆಗೆ ಹೋಗಿ ಒಂದು ಉದ್ದನೆಯ ಪಟ್ಟೆ ತಂದೆ. ಮಡಿ ಸೀರೆ ಒಣಗುವ ಗಳಕ್ಕೆ, ಏಕಾದಶಿ ಮಾಡುವ ಅತ್ತೆಯ ಮನೆಗೆ, ಅಪ್ಪಟ ಎತ್ತಿನ ಚರ್ಮದ ಪಟ್ಟೆ! ಬಿ.ಎಸ್ಸಿ.ಯಲ್ಲಿ ಪಟ್ಟೆಯ ಎಳೆತ, ಘರ್ಷಣೆ ಎಲ್ಲ ಕಲಿಸಿದ್ದರು; ಅದು ಹಿಂದೆ ಎತ್ತಾಗಿತ್ತು ಎಂದು ಕಲಿಸಿರಲಿಲ್ಲ. ಅತ್ತೆ ಮೂಸಿದಳು. ಆಮೇಲೆ ನಡೆದದ್ದು ಇಷ್ಟು: ಪಟ್ಟೆ ಬೀದಿಗೆ, ನಾನು ಬಾವಿಕಟ್ಟೆಗೆ, ಮನೆಗೆಲ್ಲ ಸೆಗಣಿ ನೀರು. ಕೂಸಿಗೂ ಎರಡು ಸಲ ಸ್ನಾನವಾಯಿತು.

ಹಾಗಾದರೆ ಹಗ್ಗ. ಆದರೆ ಯಾವ ಹಗ್ಗ? ನಾನು ಮೈಲಿಗೆಯವನು, ನಾನು ಹಿಡಿದ ಹಗ್ಗದ ಮೂಲಕ ಮೈಲಿಗೆ ಹರಿದು, ರಾಟೆ ಸುತ್ತಿ, ಗಳಕ್ಕಿಳಿದು ಸೀರೆಗೆ ತಗಲುವುದಿಲ್ಲವೇ ಎಂದು ಅತ್ತೆ ಕೇಳಿದಳು. ಒಳ್ಳೆಯ ಪ್ರಶ್ನೆ. ವಿದ್ಯುತ್ತಿನ ಬಗ್ಗೆ ನಮ್ಮ ಪ್ರೊಫೆಸರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದರು. ತೀರ್ಮಾನಕ್ಕೆ ವಾಸುದೇವ ಭಟ್ಟರನ್ನು ಕರೆಸಿದೆವು. ಹೋಟೆಲುಗಳ ಪೂಜೆ, ಪಂಚಾಂಗ, ಹೋಮ ಎಲ್ಲ ನೋಡಿಕೊಳ್ಳುವವರು, ನಮ್ಮ ಕಡೆಯವರೇ.

ಭಟ್ಟರು ಕಾಫಿ ಎತ್ತಿ ಕುಡಿದು ಶುರುಮಾಡಿದರು. "ಹತ್ತಿ ಹಗ್ಗ ಬೇಡ. ಹತ್ತಿಯಲ್ಲಿ ಮೈಲಿಗೆ ಓಡ್ತದೆ. ರೇಷ್ಮೆಯಲ್ಲಿ ಓಡುವುದಿಲ್ಲ."

"ರೇಷ್ಮೆ ಹಗ್ಗಕ್ಕೆ ನಾನು ಎಲ್ಲಿ ಹೋಗಲಿ ಭಟ್ಟರೆ? ಕತ್ತದ ಹಗ್ಗ ಆಗದೇ? ಬಾವಿಯಲ್ಲಿ ಅದೇ ಇದೆಯಲ್ಲ. ಇಡೀ ಸ್ಟೋರಿನವರು ಮುಟ್ಟುತ್ತಾರೆ, ಆದರೂ ನೀರು ಮಡಿ."

"ಹ್ವಾಯ್, ಬಾವಿಯಲ್ಲಿ ಗಂಗೆ ಇದ್ದಾಳೆ ಮಾರಾಯ್ರೆ. ನಿಮ್ಮ ತೊಲೆಯಲ್ಲಿ ಯಾರಿದ್ದಾರೆ?"

ನಮ್ಮ ತೊಲೆಯಲ್ಲಿ ಗೆದ್ದಲು ಮಾತ್ರ ಇತ್ತು. ನಾನು ಕೊನೆಯ ಅಸ್ತ್ರ ತೆಗೆದೆ. ಆಗಷ್ಟೇ ಪೇಟೆಗೆ ಬಂದಿದ್ದ ಬಿಳಿಯ, ನುಣ್ಣನೆಯ ನೈಲಾನ್ ಹಗ್ಗ. ಭಟ್ಟರು ಅದನ್ನು ತಿರುಗಿಸಿ ನೋಡಿ, ಮೂಸಿ, ಬೆಳಕಿಗೆ ಹಿಡಿದು, "ಇದು ಯಾವ ಗಿಡದ ನಾರು?" ಎಂದರು.

"ಗಿಡದ್ದಲ್ಲ."

"ಪ್ರಾಣಿಯದೋ?" ಅತ್ತೆ ಆಗಲೇ ಸೆಗಣಿಯ ಕಡೆ ನೋಡಿದಳು.

"ಅಲ್ಲ, ಅಲ್ಲ! ಕಲ್ಲಿದ್ದಲು, ಗಾಳಿ, ನೀರು, ಇವುಗಳಿಂದ ಮಾಡುತ್ತಾರಂತೆ."

ಭಟ್ಟರು ಕಣ್ಣು ಮುಚ್ಚಿದರು. "ಕಲ್ಲಿದ್ದಲು ಅಂದರೆ ಅಗ್ನಿ. ಆಮೇಲೆ ವಾಯು. ಆಮೇಲೆ ಜಲ. ಪಂಚಭೂತದಲ್ಲಿ ಮೂರು ಇದರಲ್ಲೇ ಬಂತು. ಮೂರೂ ಶುದ್ಧ ಮಾಡುವಂಥವೇ." ಕಣ್ಣು ತೆರೆದು ಹಗ್ಗವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. "ಇದಕ್ಕೆ ಮೈಲಿಗೆ ಇಲ್ಲ. ರೇಷ್ಮೆಗಿಂತ ಒಂದು ತೂಕ ಹೆಚ್ಚೇ ಮಡಿ. ನನಗೂ ಒಂದು ತುಂಡು ಕೊಡಿ."

ಶಾಸ್ತ್ರ, ವಿಜ್ಞಾನ ಎರಡೂ ಒಪ್ಪಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಹಳೇ ಕಬ್ಬಿಣದ ಅಂಗಡಿಗಳಲ್ಲಿ ಹುಡುಕಿ ಎರಡು ರಾಟೆ ತಂದೆ. ಗಳದ ಒಂದೊಂದು ತುದಿಗೆ ಒಂದೊಂದು ಹಗ್ಗ. ತೊಲೆಯ ರಾಟೆಗಳ ಮೇಲೆ ಹಾದು ಎರಡೂ ಬಂದು ಗೋಡೆಯ ಹಿಡಿಯೊಂದಕ್ಕೆ ಸುತ್ತಿಕೊಳ್ಳಬೇಕು. ಹಿಡಿ ತಿರುಗಿಸಿದರೆ ಗಳ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅತ್ತೆಯ ಸಮಾಧಾನಕ್ಕೆಂದು ಹಿಡಿಗೆ ಒಡೆದ ಉಪ್ಪಿನಕಾಯಿ ಭರಣಿಯ ಪಿಂಗಾಣಿ ಮುಚ್ಚಳ ಕೂರಿಸಿದೆ. ಗಳ ಮೇಲೆ ಮುಟ್ಟಿದೊಡನೆ ತಿಳಿಯಲೆಂದು ತೊಲೆಗೆ ಒಂದು ಸೈಕಲ್ ಬೆಲ್ ಇಟ್ಟೆ. ಕಾರ್ಖಾನೆಯಲ್ಲಿ ಪಾಸಾಗದ ಬೆಲ್, ಅದರ ದನಿ ಸ್ವಲ್ಪ ಕೆಮ್ಮಿದಂತೆ.

ಈ ಸಂಭ್ರಮಕ್ಕೆಲ್ಲ ಮೊದಲು ಬಂದು ನಿಂತವರು ಎದುರುಮನೆಯ ರಂಗಯ್ಯನವರು. ರೈಲ್ವೆಯಲ್ಲಿ ಗಾರ್ಡಾಗಿದ್ದು ರಿಟೈರಾದವರು, ಗುಂತಕಲ್ ಕಡೆಯವರು, ಕನ್ನಡ ಬರುತ್ತಿತ್ತು. ರಿಟೈರಾದ ಮೇಲೆ ಅವರಿಗೆ ಹೊರಡಿಸಲು ಏನೂ ಇರಲಿಲ್ಲ. ನನ್ನ ಯಂತ್ರ ನೋಡಿ ಅವರ ಮುಖ ಅರಳಿತು. "ಸಾರ್, ಲೈನ್ ಕ್ಲಿಯರ್ ಇಲ್ಲದೆ ಯಾವ ಗಾಡಿಯೂ ಹೊರಡಬಾರದು. ಕೆಳಗೆ ಮಕ್ಕಳು ಮರಿ ಓಡಾಡ್ತಾರೆ. ಸಿಗ್ನಲ್ ನನ್ನದು" ಎಂದು ಮನೆಗೆ ಓಡಿ ಹಸಿರು ಬಾವುಟ, ಕೆಂಪು ಬಾವುಟ, ಸೀಟಿ ಎಲ್ಲ ತಂದರು.

ಏಕಾದಶಿಯ ಬೆಳಿಗ್ಗೆ ಉದ್ಘಾಟನೆ. ಅತ್ತೆ ಸ್ನಾನ ಮಾಡಿ, ಒಗೆದ ಸೀರೆಯನ್ನು ಇಳಿಬಿಟ್ಟ ಗಳದ ಮೇಲೆ, ಕೈ ಎತ್ತದೆಯೇ, ಹಾಯಾಗಿ ಹರವಿದಳು. ರಂಗಯ್ಯ ಸೀಟಿ ಊದಿ ಹಸಿರು ಬಾವುಟ ಆಡಿಸಿದರು. ನಾನು ಪಿಂಗಾಣಿ ಹಿಡಿ ತಿರುಗಿಸಿದೆ. ಸೀರೆ ಮೆಲ್ಲಗೆ, ಗಂಭೀರವಾಗಿ, ಧ್ವಜಾರೋಹಣದ ಹಾಗೆ ಏರಿ ತೊಲೆ ಮುಟ್ಟಿತು; ಬೆಲ್ ಕೆಮ್ಮಿತು. ಬಾಗಿಲಲ್ಲಿ ನಿಂತಿದ್ದ ಸ್ಟೋರಿನವರೆಲ್ಲ ಕೈತಟ್ಟಿದರು. ಮಾಳಿಗೆಯ ಮನೆಯ ಅಲಮೇಲು ಪಾಟ್ಟಿ, ಅತ್ತೆಯಷ್ಟೇ ಮಡಿ ಮುದುಕಿ, ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, "ಪಡಿಚ್ಚ ಪುಳ್ಳೆ, ಪಡಿಚ್ಚ ಪುಳ್ಳೆ!" ಎಂದಳು. ಓದಿದ ಮಗು ಎಂದು ಅರ್ಥ. ಆ ದಿನ ಕಾರ್ಖಾನೆಯಲ್ಲಿ ನಾನು ಬಾರಿಸಿದ ಒಂದೊಂದು ಬೆಲ್ಲೂ ನನ್ನನ್ನೇ ಹೊಗಳಿದಂತಿತ್ತು.

ಅತ್ತೆ ಏಕಾದಶಿಯಂದು ನೀರನ್ನೂ ಕುಡಿಯುವವಳಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಅಡಿಗೆ ಮಾಡಿ, ದೇವರಿಗೆ ತೋರಿಸಿ, ದ್ವಾದಶಿ ಮುಗಿಯುವುದರೊಳಗೆ ತುತ್ತು ಬಾಯಿಗಿಡಬೇಕು. ಅದೇ ಪಾರಣೆ. ಕೆಲವು ಸಲ ದ್ವಾದಶಿ ತೀರ ಗಿಡ್ಡ. ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಮುಗಿದುಹೋಗುತ್ತದೆ. ತಪ್ಪಿದರೆ ಉಪವಾಸದ ಪುಣ್ಯವೂ ಹೋಯಿತು, ಊಟವೂ ಹೋಯಿತು. ಈ ಸಲದ್ದು ಅಂಥ ಗಿಡ್ಡ ದ್ವಾದಶಿ ಎಂದು ಭಟ್ಟರು ಹೇಳಿ ಹೋಗಿದ್ದರು. ಯಂತ್ರದ ಮೊದಲ ಪರೀಕ್ಷೆಗೆ ನಾನು ಆರಿಸಿಕೊಂಡ ದಿನ ಇದು.

ಬೆಳಕು ಹರಿಯುವ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಸ್ನಾನ ಮುಗಿಸಿ, "ಮಾಣಿ, ಇಳಿಸು" ಎಂದಳು. ರಂಗಯ್ಯ ಸೀಟಿ ಊದಿದರು. ನಾನು ಹಿಡಿ ಬಿಟ್ಟೆ. ಹಗ್ಗ ಸರಸರನೆ ಸಡಿಲವಾಯಿತು. ಗಳ ಇಳಿಯಲಿಲ್ಲ. ನೈಲಾನಿಗೆ ಮೈಲಿಗೆಯಿಲ್ಲ, ಸರಿ. ಆದರೆ ಅದಕ್ಕೆ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಗುಣವಿದೆ. ಒದ್ದೆ ಸೀರೆಯ ಭಾರಕ್ಕೆ ಹಿಗ್ಗಿದ್ದ ಹಗ್ಗ, ಸೀರೆ ಒಣಗುತ್ತ ಹಗುರಾದ ಹಾಗೆ ಕುಗ್ಗಿ, ರಾಟೆಯ ಅಂಚಿನ ತೋಡಿನಿಂದ ಪಕ್ಕಕ್ಕೆ ಜಾರಿ, ಎರಡು ಕಡೆಯೂ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದೆ. ಎಳೆದಷ್ಟೂ ಹಗ್ಗ ಹಿಗ್ಗಿ ಕೈಗೆ ಬಂತು, ಗಳ ಅಲ್ಲೇ ಕೂತು ನನ್ನನ್ನು ನೋಡಿತು.

"ಎಂತ ಆಯ್ತು ಮಾಣಿ?"

"ಏನಿಲ್ಲ ಅತ್ತೆ. ಒಂದೇ ನಿಮಿಷ."

'ಒಂದೇ ನಿಮಿಷ' ಎಂಬ ಮಾತು ಕೇಳಿದರೆ ಸ್ಟೋರಿನ ಜನ ಎಲ್ಲಿದ್ದರೂ ಓಡಿಬರುತ್ತಾರೆ. ಬಾಯಲ್ಲಿ ಹಲ್ಲುಪುಡಿ ಇದ್ದವರು, ಕೈಯಲ್ಲಿ ಹಾಲಿನ ಚೆಂಬು ಇದ್ದವರು, ಎಲ್ಲ ಬಂದು ನಡುಮನೆ ತುಂಬಿತು. ಒಬ್ಬ ಏಣಿ ಹಾಕೋಣ ಎಂದ. ಏಣಿ ಹತ್ತಿದವನು ಗಳ ಮುಟ್ಟಿದರೆ ಮೈಲಿಗೆ. ಇನ್ನೊಬ್ಬ ಕೋಲಿನಿಂದ ಎತ್ತೋಣ ಎಂದ. ಸ್ನಾನವಾಗದವನು ಹಿಡಿದ ಕೋಲು ಮುಟ್ಟಿದರೂ ಮೈಲಿಗೆ. ಮತ್ತೊಬ್ಬ ಪಕ್ಕದ ಬೀದಿಯ ಫೈರ್ ಸ್ಟೇಷನ್ನಿನಲ್ಲಿ ತನಗೆ ಗುರುತಿನವರಿದ್ದಾರೆ ಎಂದ. ರಂಗಯ್ಯ ಕೆಂಪು ಬಾವುಟ ಬಿಚ್ಚಿ ಹಿಡಿದರು, ಯಾರಿಗೆಂದು ತಿಳಿಯಲಿಲ್ಲ. "ದ್ವಾದಶಿ ಎಷ್ಟು ಉಳಿದಿದೆ?" ಎಂದು ಅತ್ತೆ ಒಳಗಿಂದ ಕೂಗಿದರೆ, ಜೇಬಿನ ಗಡಿಯಾರ ತೆಗೆದು, "ಗಾಡಿ ಲೇಟಾಗ್ತಿದೆ ಅಮ್ಮ!" ಎಂದು ಉತ್ತರ ಕೊಟ್ಟರು.

ಒದ್ದೆ ಸೀರೆಯೂ ಮಡಿಯೇ ಅಲ್ಲವೇ, ಅದರಲ್ಲೇ ಬಂದು ಅಡಿಗೆ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಬರಬಹುದಿತ್ತು. ಆದರೆ ಬಚ್ಚಲಿಂದ ಅಡಿಗೆಮನೆಗೆ ಹೋಗಲು ಇದೇ ನಡುಮನೆ ದಾಟಬೇಕು. ನಡುಮನೆಯ ತುಂಬ ಸ್ನಾನವಾಗದ ಗಂಡಸರು. ಅವರೆಲ್ಲ ಸೇರಿದ್ದು ಅತ್ತೆ ಹೊರಗೆ ಬರಲು ದಾರಿ ಹುಡುಕುವುದಕ್ಕೆ. ಸುಮತಿ ಕೂಸನ್ನು ಕಂಕುಳಲ್ಲಿಟ್ಟು, "ನೀವೆಲ್ಲ ಸ್ವಲ್ಪ ಹೊರಗೆ ಹೋದರೆ…" ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಹಾಯಕ್ಕೆ ಬಂದವರನ್ನು ಹಾಗೆಲ್ಲ ಕಳಿಸಲಾಗುವುದಿಲ್ಲ.

ನಾನು ಸಿಟ್ಟಿನಿಂದ ಹಗ್ಗವನ್ನು ಜಗ್ಗಿದೆ. ಎಡಗಡೆಯದು ಸಂದಿಯಿಂದ ಪಕ್ಕನೆ ಬಿಡಿಸಿಕೊಂಡಿತು, ಬಲಗಡೆಯದು ಬಿಡಲಿಲ್ಲ. ಗಳದ ಎಡತುದಿ ಧಡಾರನೆ ಕೆಳಗೆ ಬಂತು. ಇಳಿಜಾರಾದ ಗಳದ ಮೇಲೆ ಸೀರೆ ಮೊದಲು ಸ್ವಲ್ಪ ಯೋಚಿಸಿ, ಆಮೇಲೆ ಜಾರತೊಡಗಿತು. "ಮುಟ್ಟಬೇಡಿ! ಮಡಿ! ಮಡಿ!" ಎಂದು ನಾನು ಕೂಗಿದೆ. ಅಷ್ಟು ಜನರೂ ಒಮ್ಮೆಗೇ ಗೋಡೆಗೆ ಅಂಟಿಕೊಂಡರು. ರಂಗಯ್ಯ ಮಾತ್ರ ಓಡಲಿಲ್ಲ. ನಾಲ್ಕು ದಶಕ ಗಾಡಿಗಳನ್ನು ನಿಲ್ಲಿಸಿದವರು. ನಡುವೆ ನಿಂತು ಎರಡು ಕೈಯಲ್ಲಿ ಕೆಂಪು ಬಾವುಟ ಅಗಲಿಸಿ ಹಿಡಿದರು. ಸೀರೆ ನಿಲ್ಲಲಿಲ್ಲ. ಬಾವುಟ, ಸೀಟಿ, ಗಡಿಯಾರ ಸಮೇತ ಅವರನ್ನು ತಲೆಯಿಂದ ಕಾಲವರೆಗೆ ಮುಚ್ಚಿ ಕೂತಿತು. ಒಳಗಿಂದ ಗಾಬರಿಯ ಸೀಟಿ ಕೂಗುತ್ತಲೇ ಇತ್ತು.

ಅಷ್ಟರಲ್ಲಿ ಬಚ್ಚಲ ಬಾಗಿಲ ಹಿಂದಿನಿಂದ ಬಂದ ದನಿ, ನನ್ನ ಅಪ್ಪನೇ ಒಂದು ಕಾಲಕ್ಕೆ ಹೆದರುತ್ತಿದ್ದ ದನಿ.

"ಎಲ್ಲ ಹೊರಗೆ ನಡೀನಿ!"

ಏಣಿಯವನೂ, ಫೈರ್ ಸ್ಟೇಷನ್ನಿನವನೂ, ಸೀರೆ ಹೊದ್ದ ರಂಗಯ್ಯನವರೂ ಅಂಗಳಕ್ಕೆ ಹಾರಿದರು. ನಾನೂ ಹೊರಟಿದ್ದೆ.

"ನೀ ಎಲ್ಲಿಗೆ ಮಾಣಿ? ಬಾವಿಗೆ ಹೋಯಿ ಮಿಂದು ಬಾ. ಒದ್ದೆ ಪಂಚೆಯಲ್ಲೇ ಬಾ. ಅಕ್ಕಿ ಚರಿಗೆ ಎತ್ತೂಕೆ ನನ್ನ ಕೈಯಲ್ಲಿ ಆತಿಲ್ಲೆ."

ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ತೊಟ್ಟಿಕ್ಕುತ್ತ ಒಳಗೆ ಬಂದೆ. ಅತ್ತೆ ಆಗಲೇ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ನೀರು ಹೊಯ್ದೆ, ಚರಿಗೆ ಎತ್ತಿ ಇಟ್ಟೆ, ಗಂಜಿ ಬಸಿದೆ, ಅಗಸೆ ಸೊಪ್ಪು ಸೋಸಿದೆ. "ಸೌಟು ಹಾಂಗೆ ಹಿಡಿಯುದಲ್ಲ, ಅದು ಬೆಲ್ಲಲ್ಲ" ಎಂದು ನಡುನಡುವೆ ಬೈಸಿಕೊಂಡೆ. ಅಂಗಳದಿಂದ ರಂಗಯ್ಯ ಹೊತ್ತು ಕೂಗುತ್ತಿದ್ದರು. ಕೂಗಿದಷ್ಟು ಸಲವೂ ಅಂಗಳದ ಜನವೆಲ್ಲ "ಬೇಗ, ಬೇಗ" ಎನ್ನುತ್ತಿದ್ದರು. ತೊವ್ವೆ ಕುದಿಯಿತು. ದೇವರಿಗೆ ತೋರಿಸಿ ಆಯಿತು. ಅತ್ತೆ ಎಲೆಯ ಮುಂದೆ ಕೂತು, ತೀರ್ಥ ತೆಗೆದುಕೊಂಡು, ಮೊದಲ ತುತ್ತು ಬಾಯಿಗಿಟ್ಟಳು. "ಆಯಿತು!" ಎಂದು ನಾನು ಕೂಗಿದ್ದೇ, ಅಂಗಳದಲ್ಲಿ ಉದ್ದಕ್ಕೆ ಒಂದು ಸೀಟಿ. ಗಾಡಿ ಹೊತ್ತಿಗೆ ಸರಿಯಾಗಿ ಸೇರಿತ್ತು.

ಊಟವಾದ ಮೇಲೆ, ರಂಗಯ್ಯನವರಿಂದ ಬಿಡಿಸಿ ತಂದ ಸೀರೆಯನ್ನು ನಾನೇ ಬಾವಿಕಟ್ಟೆಯಲ್ಲಿ ಮತ್ತೊಮ್ಮೆ ಮಿಂದು, ಜಾಲಾಡಿ ತಂದೆ. ಬಲಗಡೆಯ ಹಗ್ಗವನ್ನು ಬಿಡಿಸುವ ಗೋಜಿಗೆ ಹೋಗದೆ, ಎಡಗಡೆಯದನ್ನು ಎತ್ತಿ ತೊಲೆಗೆ ಬಿಗಿದು ಕಟ್ಟಿದೆ. ಮೂಲೆಯ ಕೋಲು ತೆಗೆದು ಸೀರೆಯನ್ನು ಗಳದ ಮೇಲೆ ಹರವಿದೆ. ಉಸಿರು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡಿ, "ಸೆರಗಿನ ಬದಿ ಸುಕ್ಕಾಯ್ತು. ನಾಳೆ ಸರಿ ಮಾಡಿ ಹಾಕು" ಎಂದಳು. ಆಮೇಲೆ ಸುಮತಿಗೆ, "ಆ ಟ್ರಂಕು ಎಂತಕ್ಕೆ ಬಾಗಿಲಲ್ಲಿ ಇಟ್ಟದ್ದು? ಕಾಲಿಗೆ ತಾಗುತ್ತೆ. ಅಟ್ಟಕ್ಕೆ ಹಾಕು" ಎಂದಳು. ಉಳಿದುಕೊಳ್ಳುವ ಬಗ್ಗೆ ನಮ್ಮ ಮನೆಯಲ್ಲಿ ಇದಕ್ಕಿಂತ ಹೆಚ್ಚಿ‌ನ ಮಾತು ನಡೆಯಲಿಲ್ಲ.

ಅವತ್ತಿನಿಂದ ದಿನಾ ಬೆಳಿಗ್ಗೆ ಗಿಂಡಿಗೆ ರೈಲು ಹಿಡಿಯುವ ಮುಂಚೆ ನಾನು ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬಂದು, ಅತ್ತೆಯ ಸೀರೆ ಇಳಿಸಿ ಕೊಟ್ಟು, ಒಗೆದದ್ದನ್ನು ಏರಿಸುತ್ತೇನೆ. "ಮಿಂದ ಗಂಡಸು ಒಬ್ಬ, ಕೋಲು ಒಂದು, ಇಷ್ಟರಲ್ಲಿ ಆಗುವ ಕೆಲಸಕ್ಕೆ ಕಲ್ಲಿದ್ದಲು, ಗಾಳಿ, ನೀರು ಎಲ್ಲ ಯಾಕೆ ಬೇಕಾಯಿತು?" ಎಂದು ಸುಮತಿ ಕೇಳಿದಳು. ಅವಳಿಗೆ ಭೌತಶಾಸ್ತ್ರ ಗೊತ್ತಿಲ್ಲ. ಮಿಂದ ಗಂಡಸು ಹೆಂಗಸಿನ ಸೀರೆ ಒಣಹಾಕುವುದು ನಮ್ಮ ವಂಶದಲ್ಲಾಗಲಿ, ಈ ಇಡೀ ಸ್ಟೋರಿನಲ್ಲಾಗಲಿ ಹಿಂದೆಂದೂ ನಡೆದಿರಲಿಲ್ಲ. ಅಷ್ಟು ಸುಲಭದ್ದು ಹೊಳೆಯಬೇಕಾದರೆ ಮೊದಲು ಎರಡು ರಾಟೆ ಕೆಡಬೇಕಾಯಿತು. ಇದನ್ನು ಹೇಳಿದರೆ ಅವಳು ಗೋಡೆಯ ಕಡೆ ನೋಡುತ್ತಾಳೆ. ಯಂತ್ರವನ್ನು ಬಿಚ್ಚಿಹಾಕಲು ಮಾತ್ರ ಅತ್ತೆ ಒಪ್ಪಲಿಲ್ಲ. ನಮ್ಮ ಮಾಣಿ ಓದಿ ಮಾಡಿದ್ದು ಎಂದು ಬಂದವರಿಗೆಲ್ಲ ಪಿಂಗಾಣಿ ಹಿಡಿ ತೋರಿಸುತ್ತಾಳೆ. ಬಂದವರು, ಯಂತ್ರದಲ್ಲೇ ಸೀರೆ ಏರುತ್ತದೆಂದು ನಂಬಿ ಹೋಗುತ್ತಾರೆ.

ಹಾಗೆ ನಂಬಿದವರಲ್ಲಿ ಅಲಮೇಲು ಪಾಟ್ಟಿಯೂ ಒಬ್ಬಳು ಎಂದುಕೊಂಡಿದ್ದೆ. ತನ್ನ ಮೊಣಕೈಯೂ ಹಿಡಿದುಕೊಂಡಿದೆ, ಆ ಮೆಷಿನ್ ತನಗೂ ಬೇಕು ಎಂದು ಅವಳು ಅತ್ತೆಯ ಹತ್ತಿರ ಹೇಳಿ ಕಳಿಸಿದಾಗ, ಕಾಗದ ಪೆನ್ಸಿಲ್ ಹಿಡಿದು, ಈ ಸಲ ರಾಟೆಯ ತೋಡನ್ನು ಆಳವಾಗಿ ಕೊರೆಸಬೇಕು ಎಂದು ಲೆಕ್ಕ ಹಾಕುತ್ತ ಮೆಟ್ಟಿಲು ಹತ್ತಿದೆ. ಪಾಟ್ಟಿ ನನ್ನ ಕಾಗದ ನೋಡಲಿಲ್ಲ. ಕೈಗೆ ಒಂದು ಕೋಲು ಕೊಟ್ಟಳು. ಮಾಳಿಗೆಯ ಆ ಮೂಲೆಯಿಂದ ಇನ್ನೊಬ್ಬ ಅಜ್ಜಿಯೂ ಕೈಸನ್ನೆ ಮಾಡಿ ಕರೆದಳು. ಈಗ ಬೆಳಗಾದರೆ ಸಾಕು, ನಾನು ಇನ್ನೂ ಬಾವಿಕಟ್ಟೆಯಲ್ಲಿ ಇರುವಾಗಲೇ, ಪಾಟ್ಟಿ ಮೆಟ್ಟಿಲ ತುದಿಯಿಂದ ಬಗ್ಗಿ, ನನ್ನನ್ನಲ್ಲ, ಅತ್ತೆಯನ್ನು ಕೇಳುತ್ತಾಳೆ: "ಮೆಷಿನ್ ಕುಳಿಚ್ಚಾಚ್ಚಾ?"

ಮೆಷಿನ್ನಿಗೆ ಸ್ನಾನವಾಯಿತೇ ಎಂದು. "ಆಯ್ತು, ಕಳಿಸ್ತೆ" ಎನ್ನುತ್ತಾಳೆ ಅತ್ತೆ, ಹೆಮ್ಮೆಯಿಂದ. ಪಂಚೆಯ ಅಂಚು ಹಿಂಡಿಕೊಂಡು ನಾನು ಮೆಟ್ಟಿಲು ಹತ್ತುತ್ತೇನೆ. ಹಿಂದಿನಿಂದ ರಂಗಯ್ಯನವರು ಹಸಿರು ಬಾವುಟ ತೋರಿಸುತ್ತಾರೆ.